ನುಚ್ಚಿನುಂಡೆ ಎಂಬ ಆಟಗಾರ

ಹೋದ ತಿಂಗಳು ಜಯನಗರದ ಸಲೂನೊಂದರಲ್ಲಿ ಕಟಿಂಗ್ ಮುಗಿಸಿದವನು ನನ್ನ ಕತ್ತಿನ ಹಿಂದೆ ಪೌಡರ್ ಹಾಕಿ ಬ್ರಷ್‌ನಿಂದ ಕೂದಲು ಝಾಡಿಸಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊದಿಸಿದ್ದ ಬಟ್ಟೆಯ ಒಳಗೆ ನನ್ನ ಎರಡೂ ಹೆಬ್ಬೆರಳು ತಾವಾಗಿಯೇ ತೋರುಬೆರಳಿಗೆ ಉಜ್ಜಿಕೊಳ್ಳತೊಡಗಿದವು. "ಯಾಕ್ ಸಾರ್, ಉರೀತಿದ್ಯಾ?" ಎಂದು ಆತ ಕೇಳಿದ. ಇಲ್ಲ ಅಣ್ಣ, ಏನಿಲ್ಲ ಎಂದೆ.

ಮೊಬೈಲಿನಲ್ಲಿ ಆಡುವುದನ್ನೇ ಕೆಲಸ ಮಾಡಿಕೊಂಡವರಿಗೆ ಆ ವಾಸನೆಯ ಪರಿಚಯ ಚೆನ್ನಾಗಿರುತ್ತದೆ. ಬೆವರಿದ ಬೆರಳು ಗಾಜಿಗೆ ಅಂಟಿಕೊಳ್ಳದೆ ಜಾರಲಿ ಎಂದು ಪ್ರತಿ ಪಂದ್ಯಕ್ಕೂ ಮೊದಲು ಪೌಡರ್ ಬಳಿದುಕೊಳ್ಳುತ್ತೇವೆ. ಬಿಟಿಎಂ ಲೇಔಟಿನಲ್ಲಿ ನಾನು ಒಂದು ವರ್ಷ ಇದ್ದ ತಂಡದ ಮನೆ ಬಾಣಂತಿಯ ಕೋಣೆಯ ಹಾಗೆ ಘಮಘಮಿಸುತ್ತಿತ್ತು. ಐದು ಜನ ಗಡ್ಡ ಬಂದ ಗಂಡಸರು, ಒಬ್ಬ ಕೋಚ್, ಮನೆ ತುಂಬ ಮಗುವಿನ ಪೌಡರ್.

ಆ ವರ್ಷದ ಬಗ್ಗೆ ಕೇಳಿದವರಿಗೆ ಹೇಳಲು ನನ್ನ ಹತ್ತಿರ ಒಂದು ಚಿಕ್ಕ ಕಥೆಯಿದೆ. ಹನುಮಂತನಗರದ ಹುಡುಗ, ಮನೆಯಲ್ಲೇ ಕೂತು ಆಡಿ ಹೆಸರು ಮಾಡಿದ, ದೊಡ್ಡ ತಂಡದವರು ಕರೆದರು, ಹೋಗಿ ಗೆದ್ದ. ಪತ್ರಿಕೆಯವರೊಬ್ಬರು ಇಷ್ಟನ್ನೇ ಬರೆದುಕೊಂಡು ಹೋಗಿದ್ದರು. ಇದರಲ್ಲಿ ಇಂಥದ್ದು ಸುಳ್ಳು ಎಂದು ನಾನು ಬೆರಳಿಟ್ಟು ತೋರಿಸಲಾರೆ. ಆದರೆ ಕಥೆ ನನ್ನದೇ ಹೌದೋ ಅಲ್ಲವೋ ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ. ತಮಾಷೆಗೆ ಹೇಳುತ್ತಿಲ್ಲ.

ನಮ್ಮ ಮನೆ ಗುಡ್ಡದ ದೇವಸ್ಥಾನಕ್ಕೆ ಹತ್ತುವ ರಸ್ತೆಯಲ್ಲಿ. ಅದೇ ರಸ್ತೆಯ ಕೆಳಗಡೆ ಅಪ್ಪನ ಪೂಜಾ ಸಾಮಾನಿನ ಅಂಗಡಿ. ತಂಗಿ ಸಿಂಚನಾ ನನಗಿಂತ ಎರಡು ವರ್ಷ ಚಿಕ್ಕವಳು. ಪಾಠವೆಲ್ಲ ಫೋನಿಗೆ ಬಂದ ಕಾಲದಲ್ಲಿ ಅಪ್ಪ ಅವಳ ಕ್ಲಾಸಿಗೆಂದು ಒಂದು ಒಳ್ಳೆಯ ಫೋನು ಕೊಡಿಸಿದರು. ಕ್ಲಾಸು ಮುಗಿದ ಮೇಲೆ ಅದರಲ್ಲಿ ನಾವಿಬ್ಬರೂ ಆಡುತ್ತಿದ್ದೆವು. ನೂರು ಜನ ಒಂದು ದ್ವೀಪಕ್ಕೆ ಇಳಿದು, ಸಿಕ್ಕ ಬಂದೂಕು ಹಿಡಿದು, ಒಬ್ಬರನ್ನೊಬ್ಬರು ಉರುಳಿಸುತ್ತಾ ಕೊನೆಯವರೆಗೆ ಉಳಿಯಬೇಕಾದ ಆಟ. ಎಲ್ಲರಿಗೂ ಗೊತ್ತಿರುವಂಥದ್ದೇ. ಫೋನು ಒಂದೇ ಆದ್ದರಿಂದ ಆಟದ ಖಾತೆಯೂ, ಅಂದರೆ ಐಡಿಯೂ, ಒಂದೇ. ಐಡಿಗೆ ಹೆಸರು ಕೊಡಬೇಕಾದ ದಿನ ಅಡುಗೆಮನೆಯಲ್ಲಿ ನುಚ್ಚಿನುಂಡೆ ಬೇಯುತ್ತಿತ್ತು. ಅದನ್ನೇ ಇಟ್ಟೆವು.

ಸಂಜೆ ಐದರವರೆಗೆ ಅವಳು, ಐದರ ಮೇಲೆ ನಾನು. ಶನಿವಾರ ಭಾನುವಾರ ಕಿತ್ತಾಡಿಕೊಂಡು, ಅಮ್ಮ ಸೌಟು ತೋರಿಸಿದ ಮೇಲೆ ಸರದಿ. ಪರದೆಯ ಮೇಲೆ ಗುಂಡು ಹಾರಿಸುವ, ನೆಗೆಯುವ, ಬಗ್ಗುವ ಬಟನ್‌ಗಳನ್ನು ಅವರವರ ಬೆರಳಿಗೆ ತಕ್ಕಂತೆ ಜೋಡಿಸಿಕೊಳ್ಳಬಹುದು. ನಾನು ಜೋಡಿಸಿದ್ದನ್ನು ಅವಳು ಕೆಡಿಸುತ್ತಿದ್ದಳು, ಅವಳದ್ದನ್ನು ನಾನು. ಕೊನೆಗೆ ಇಬ್ಬರಿಗೂ ಅರ್ಧರ್ಧ ಒಗ್ಗುವ, ಇಬ್ಬರಿಗೂ ಪೂರ್ತಿ ಒಗ್ಗದ ಒಂದು ಜೋಡಣೆಗೆ ರಾಜಿಯಾದೆವು. ಒಳ್ಳೆಯ ಪಂದ್ಯವಾದರೆ ಅದರ ಕೊನೆಯ ತುಣುಕನ್ನು ಉಳಿಸಿಟ್ಟು, ವಾರಕ್ಕೊಮ್ಮೆ ಎಲ್ಲವನ್ನೂ ನಮ್ಮ ಚಾನೆಲ್ಲಿಗೆ ಏರಿಸುತ್ತಿದ್ದೆವು. ಮುಖವಿಲ್ಲ, ಮಾತಿಲ್ಲ, ಬರೀ ಆಟ. ಯಾವ ತುಣುಕು ಯಾರದು ಎಂಬ ಗೊಡವೆ ಆಗ ನಮಗಿರಲಿಲ್ಲ. ಬೈಯುವವರು ನುಚ್ಚಿನುಂಡೆಯನ್ನು ಬೈಯುತ್ತಿದ್ದರು, ಹೊಗಳುವವರು ನುಚ್ಚಿನುಂಡೆಯನ್ನೇ ಹೊಗಳುತ್ತಿದ್ದರು.

ಅದರಲ್ಲಿ ಒಂದು ತುಣುಕು ಎಲ್ಲೆಲ್ಲೋ ಹಬ್ಬಿತು. ಬಾಲ್ಕನಿ ಕ್ಲಿಪ್ ಎಂದೇ ಅದನ್ನು ಕರೆಯುತ್ತಿದ್ದರು. ನುಚ್ಚಿನುಂಡೆ ಒಂದು ಮನೆಯ ಮಹಡಿಯಲ್ಲಿ ಒಂಟಿಯಾಗಿದೆ. ಕೆಳಗಿನ ಬಾಗಿಲಿನಿಂದ ಮೂವರು ಎದುರಾಳಿಗಳು ನುಗ್ಗಿದ್ದಾರೆ. ಬುದ್ಧಿ ನೆಟ್ಟಗಿರುವ ಯಾರೇ ಆದರೂ ಮೆಟ್ಟಿಲ ತುದಿಯಲ್ಲಿ ಬಂದೂಕು ಹಿಡಿದು ಕಾಯುತ್ತಾರೆ. ನುಚ್ಚಿನುಂಡೆ ಕಾಯುವುದಿಲ್ಲ. ಬಾಲ್ಕನಿಯಿಂದ ಹಾರಿ, ಮನೆಯನ್ನು ಸುತ್ತಿ, ಅವರು ಬಂದ ಬಾಗಿಲಿನಿಂದಲೇ ಒಳಬಂದು, ಮೆಟ್ಟಿಲು ಹತ್ತುತ್ತಿದ್ದ ಮೂವರನ್ನೂ ಬೆನ್ನ ಹಿಂದಿನಿಂದ ಉರುಳಿಸುತ್ತದೆ.

ನಾನು ಬಿ.ಕಾಂ. ಕೊನೆಯ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ ಜೂನ್ ತಿಂಗಳಲ್ಲಿ ಆ ತಂಡದ ಸಂದೇಶ ಬಂತು. ಮಧ್ಯಾಹ್ನವಾದ್ದರಿಂದ ಫೋನು ಸಿಂಚನಾಳ ಕೈಯಲ್ಲಿತ್ತು. 'ಬ್ರೋ, ಬಾಲ್ಕನಿ ಕ್ಲಿಪ್ ನೋಡಿದ್ವಿ. ಟ್ರಯಲ್‌ಗೆ ಬರ್ತೀಯಾ?' ಎಂದು ಬರೆದಿದ್ದರು. ಅವಳು ಓದಿದಳು, ಇನ್ನೊಮ್ಮೆ ಓದಿದಳು, ಎದ್ದು ಬಂದು ಫೋನನ್ನು ನನ್ನ ಕೈಗಿಟ್ಟಳು.

"ತಗೋ, ನಿನ್ನ ಕರೀತಿದಾರೆ."

ನಾನು ತೆಗೆದುಕೊಂಡೆ. ಅಷ್ಟೇ. ಕೂತು ಮಾತಾಡಿದ್ದಿಲ್ಲ, ಯಾರು ಹೋಗಬೇಕು ಎಂಬ ಪ್ರಶ್ನೆಯೇ ಏಳಲಿಲ್ಲ. ಆ ಬಾಲ್ಕನಿ ಹಾರಿದವಳು ಅವಳೇ ಎಂದು ನನಗೆ ಅನ್ನಿಸಿತ್ತು. ಅಂಥ ತಲೆತಿರುಕ ಧೈರ್ಯ ನನ್ನದಲ್ಲ, ನಾನು ಕಾಯುವವನು. ಅನ್ನಿಸಿಯೂ ಬಾಯಿ ತೆರೆಯಲಿಲ್ಲ. ಯಾಕೆ ತೆರೆಯಲಿಲ್ಲ ಎಂದು ಈಗ ಕೇಳಿದರೆ ಹತ್ತು ಕಾರಣ ಹೇಳಬಲ್ಲೆ, ಹತ್ತರಲ್ಲಿ ಒಂದನ್ನೂ ನಾನೇ ನಂಬುವುದಿಲ್ಲ.

ಟ್ರಯಲ್ ದಿನ ನನ್ನ ಆಟ ಸುಮಾರಾಗಿತ್ತು. ಆದರೂ ಕೋಚ್ ಇಮ್ರಾನ್ ತೆಗೆದುಕೊಂಡರು. ತಿಲಕ್‌ನಗರದವರು, ನನಗಿಂತ ಏಳೆಂಟು ವರ್ಷ ದೊಡ್ಡವರು, ಮಾತು ಒರಟು, ಮನಸ್ಸು ಮೆತ್ತಗೆ. "ಇವತ್ತು ಟೆನ್ಷನ್‌ಗೆ ಹಿಂಗ್ ಆಡ್ದೆ ಬಿಡು ಗುರು. ಆ ಬಾಲ್ಕನಿ ಹಾರಿದ್ ಬೆರಳು ಎಲ್ಲಿ ಹೋಗತ್ತೆ?" ಎಂದರು. ನಾನು ನನ್ನ ಬೆರಳುಗಳನ್ನು ನೋಡಿಕೊಂಡೆ.

ಮನೆಯಲ್ಲಿ ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ. "ಆಟ ಆಡೋದಕ್ಕೆ ಇರೋಕೆ ಮನೇನೂ ಕೊಡ್ತಾರಾ?" ಎಂದು ಮೂರು ಸಲ ಕೇಳಿದರು. ಅಮ್ಮನ ಚಿಂತೆ ಬೇರೆ. ತಂಡದವರು ಬಾ ಎಂದ ದಿನಕ್ಕೆ ಆಷಾಢ ಹಿಡಿದಿರುತ್ತಿತ್ತು. ಆಷಾಢದಲ್ಲಿ ಹೊಸ ಕೆಲಸಕ್ಕೆ ಮನೆ ಬಿಟ್ಟು ಹೊರಡುವುದುಂಟೇ? ಅದಕ್ಕೆ ಅವಳೇ ದಾರಿ ಹುಡುಕಿದಳು. ಹೊರಡುವವನು ದಿನಾ ಬಳಸುವ ಒಂದು ವಸ್ತುವನ್ನು ಒಳ್ಳೆಯ ಗಳಿಗೆಯಲ್ಲಿ ಬೇರೆಯವರ ಮನೆಗೆ ಸಾಗಿಸಿಬಿಟ್ಟರೆ ಅವನು ಆಗಲೇ ಹೊರಟ ಹಾಗೆ. ಪರಸ್ಥಾನ ಇಡುವುದು ಎನ್ನುತ್ತಿದ್ದಳು ಅದಕ್ಕೆ. ಆಷಾಢಕ್ಕೆ ಎರಡು ದಿನ ಮುಂಚೆ ಬೆಳಿಗ್ಗೆ ನನ್ನ ಮುಂದೆ ಅರಿಶಿನ ಕುಂಕುಮದ ತಟ್ಟೆ ಹಿಡಿದು, "ಏನಾದ್ರೂ ನೀನು ದಿನಾ ಬಳಸೋದು ಕೊಡೋ" ಎಂದಳು. ನಾನು ಯೋಚಿಸಲಿಲ್ಲ. ಫೋನು ಕೊಟ್ಟೆ.

ಎದುರು ಮನೆಯ ಸರೋಜ ಆಂಟಿಯ ಶೋಕೇಸಿನಲ್ಲಿ, ಗೊಂಬೆಗಳ ಪಕ್ಕ, ನೆತ್ತಿಗೆ ಕುಂಕುಮ ಹಚ್ಚಿಸಿಕೊಂಡು ಆ ಫೋನು ಕೂತಿತು. ಸಿಂಚನಾ ಬಾಗಿಲಲ್ಲಿ ನಿಂತು ನೋಡಿ, "ಅದ್ರಲ್ಲಿ ನನ್ ನೋಟ್ಸ್ ಇದೆ" ಎಂದಳು. ಇಟ್ಟದ್ದನ್ನು ಹೊರಡುವ ದಿನದವರೆಗೆ ವಾಪಸು ತರುವಂತಿಲ್ಲ ಎಂದು ಅಮ್ಮ ಗದರಿದಳು. ನಾವೆಲ್ಲ ನಕ್ಕೆವು. ಸಿಂಚನಾ ನಕ್ಕಳೇ ಎಂದು ಎಷ್ಟು ನೆನಪು ಮಾಡಿಕೊಂಡರೂ ಅವಳ ಮುಖ ಮಾತ್ರ ಕಣ್ಣಿಗೆ ಬರುವುದಿಲ್ಲ.

ಶೋಕೇಸಿನ ಫೋನನ್ನು ತೆಗೆದುಕೊಂಡು ಬಿಟಿಎಂನ ಆ ಮನೆಗೆ ನಾನು ಹೋದಾಗ ಜಿಟಿಜಿಟಿ ಮಳೆ. ಪಿಜಿಗಳ ನಡುವೆ ಮೂರನೇ ಮಹಡಿ, ಕಿಟಕಿಗೆ ಕಪ್ಪು ಪರದೆ, ಫೋನಿನ ಗಾಜಿನ ಮೇಲೆ ಬೆಳಕು ಬಿದ್ದರೆ ಆಟ ಕಾಣಿಸುವುದಿಲ್ಲವೆಂದು. ಹನ್ನೆರಡಕ್ಕೆ ಅಭ್ಯಾಸ ಪಂದ್ಯಗಳು ಶುರು, ಏಳರ ತನಕ. ಆಮೇಲೆ ಕೋಚ್ ಎಲ್ಲರನ್ನೂ ಟಿವಿಯ ಮುಂದೆ ಕೂರಿಸಿ ಅದೇ ಪಂದ್ಯಗಳನ್ನು ಮತ್ತೆ ಹಾಕಿ ತೋರಿಸುತ್ತಿದ್ದರು. ಎಲ್ಲಿ ಸತ್ತೆ, ಯಾಕೆ ಸತ್ತೆ, ಆಗ ತಲೆಯಲ್ಲಿ ಏನಿತ್ತು. ಹೀಗೆ ಒಬ್ಬೊಬ್ಬನ ಸಾವನ್ನೂ ಎಳೆಎಳೆಯಾಗಿ ಬಿಡಿಸುವುದು ಅವರ ಪದ್ಧತಿ. ಒಂದು ದಿನ ಪಾಠಕ್ಕೆಂದು ಬಾಲ್ಕನಿ ಕ್ಲಿಪ್ಪನ್ನೇ ಹಾಕಿದರು.

"ಇಲ್ಲಿ ಹಾರೋಕೆ ಮುಂಚೆ ಒಂದ್ ಸೆಕೆಂಡ್ ನಿಂತಿದೀಯ. ಏನ್ ಯೋಚ್ನೆ ಮಾಡ್ತಿದ್ದೆ? ಇವ್ರಿಗೂ ಹೇಳು."

ಉಳಿದ ನಾಲ್ವರೂ ನನ್ನ ಕಡೆ ತಿರುಗಿದರು. ಎದುರಾಳಿಗಳ ಹೆಜ್ಜೆ ಸಪ್ಪಳ ಎಣಿಸುತ್ತಿದ್ದೆ, ಮೂವರೂ ಮೆಟ್ಟಿಲಿಗೆ ಬಂದ ಮೇಲೆ ಹಾರಿದೆ ಎಂದು ಸುಳ್ಳು ಹೇಳಿದೆ. "ಸಖತ್" ಎಂದರು ಕೋಚ್. ಅದನ್ನು ಗೋಡೆಯ ಬೋರ್ಡಿನ ಮೇಲೂ ಬರೆದರು. ನಾನು ಆಚೆ ಹೋಗಿ ಅಮ್ಮನ ಫೋನಿಗೆ ಕರೆ ಮಾಡಿ, ಸಿಂಚನಾಗೆ ಕೊಡು ಎಂದೆ. ಅವಳು ಬಂದಾಗ ಊಟ ಆಯ್ತಾ ಎಂದು ಕೇಳಿ ಇಟ್ಟುಬಿಟ್ಟೆ. ಆ ಕ್ಲಿಪ್ಪಿನ ಬಗ್ಗೆ ಕೇಳಿದರೆ ಅದು ಅವಳದೆಂದು ಒಪ್ಪಿಕೊಂಡಂತಾಗುತ್ತಿತ್ತು.

ಕೇಳದೆಯೇ ಅವಳ ಹಾಗೆ ಆಡುವುದನ್ನು ಕಲಿಯತೊಡಗಿದೆ. ನಮ್ಮ ಚಾನೆಲ್ಲಿನ ಹಳೆಯ ತುಣುಕುಗಳನ್ನು ನೋಡಿ, ಇದು ಅವಳದಿರಬೇಕು ಅನ್ನಿಸಿದ್ದನ್ನೆಲ್ಲ ಬೇರೆ ತೆಗೆದು, ಅದನ್ನೇ ಮಾಡಿ ಮಾಡಿ ಬೆರಳಿಗೆ ಹತ್ತಿಸಿಕೊಂಡೆ. ಶ್ರಾವಣಕ್ಕೆ ತಂಡದವರು ಹೊಸ ಫೋನು ಕೊಟ್ಟರು. ಹಳೆಯದನ್ನು ಹನುಮಂತನಗರಕ್ಕೆ ಕೊಟ್ಟು ಬರಬೇಕೆಂದು ನನಗೆ ಹೊಳೆಯಲೇ ಇಲ್ಲ. ಕಪಾಟಿನಲ್ಲಿ ಶೂ ಡಬ್ಬದೊಳಗೆ ಇಟ್ಟುಬಿಟ್ಟೆ.

ದೀಪಾವಳಿ ಕಳೆದ ಮೇಲೆ ನಮ್ಮ ಐವರಲ್ಲೊಬ್ಬ ಮಣಿಕಟ್ಟು ನೋವೆಂದು ಊರಿಗೆ ಹೋದವನು ಬರಲೇ ಇಲ್ಲ. ಆ ಜಾಗಕ್ಕೆ ಒಬ್ಬರು ಬೇಕಾಗಿತ್ತು. ನನ್ನ ತಂಗಿ ಆಡ್ತಾಳೆ ಎಂದು ನಾನೇ ಹೇಳಿದೆ. ಅವಳ ಪಾಲನ್ನು ಅವಳಿಗೆ ಕೊಡಬೇಕೆಂದು ಹೇಳಿದೆನೋ, ಅವಳು ನನಗಿಂತ ಮೇಲೇನಲ್ಲ ಎಂದು ಒಮ್ಮೆ ಕಣ್ಣಾರೆ ನೋಡಿಬಿಡಬೇಕೆಂದು ಹೇಳಿದೆನೋ, ಖಂಡಿತ ತಿಳಿಯದು. ಕೋಚ್ ಒಂದು ಕ್ಷಣವೂ ಹಿಂದೆಮುಂದೆ ನೋಡಲಿಲ್ಲ. "ಬೆರಳಿಗೆ ಗಂಡು ಹೆಣ್ಣು ಇರತ್ತಾ? ಕರ್ಕೊಂಡ್ ಬಾ" ಎಂದರು. ಇಷ್ಟು ಸುಲಭವಿತ್ತೇ? ಜೂನ್‌ನಲ್ಲೂ ಇಷ್ಟೇ ಸುಲಭವಿತ್ತು ತಾನೇ?

ಒಂದು ಶನಿವಾರ ಬೆಳಿಗ್ಗೆ ಅಮ್ಮನೂ ಅವಳೂ ಎರಡು ಬಸ್ಸು ಬದಲಾಯಿಸಿ ಬಂದರು. ಅಮ್ಮ ಹಾಲ್‌ನಲ್ಲಿದ್ದ ಬೀನ್ ಬ್ಯಾಗಿನ ಮೇಲೆ ಕೂತು, ಏಳಲಾಗದೆ, ಇಡೀ ಟ್ರಯಲ್ ಮುಗಿಯುವವರೆಗೂ ಅದರಲ್ಲೇ ಹುದುಗಿದ್ದಳು. ನಾನು ಶೂ ಡಬ್ಬದಿಂದ ಹಳೆಯ ಫೋನು ತೆಗೆದು ಸಿಂಚನಾಗೆ ಕೊಟ್ಟೆ. ಅವಳು ಅದನ್ನು ತಿರುಗಿಸಿ ನೋಡಿದಳು, ಆಟ ತೆರೆದಳು.

"ಬಟನ್ ಎಲ್ಲಾ ಸರಿಸ್ಬಿಟ್ಟಿದೀಯಲ್ಲೋ."

"ಹಳೇ ಥರ ಮಾಡ್ಕೊಡ್ಲಾ?"

"ಹಳೇದು ನೆನಪಿದ್ಯಾ ನಿಂಗೆ?"

ಇರಲಿಲ್ಲ. ಅವಳಿಗೂ ಇರಲಿಲ್ಲ. ಇಬ್ಬರೂ ಒಂದಷ್ಟು ಹೊತ್ತು ಬಟನ್‌ಗಳನ್ನು ಅತ್ತ ಇತ್ತ ತಳ್ಳಿದೆವು. ಆಮೇಲೆ ಅವಳು ಸಾಕು ಬಿಡು ಎಂದು ಬೆರಳಿಗೆ ಪೌಡರ್ ಹಚ್ಚಿಕೊಂಡಳು.

ಆರು ಪಂದ್ಯ ಆಡಿದಳು. ನಾನು ಬೆನ್ನ ಹಿಂದೆಯೇ ನಿಂತಿದ್ದೆ. ಚೆನ್ನಾಗಿಯೇ ಆಡಿದಳು, ತಪ್ಪಿಲ್ಲದೆ, ಎಚ್ಚರಿಕೆಯಿಂದ. ನಾಲ್ಕನೆಯದರಲ್ಲಿ ಒಂದು ಮಹಡಿ ಮನೆ ಸಿಕ್ಕಿತು. ಅವಳು ಮೇಲೆ, ಕೆಳಗೆ ಮೂವರು, ಪಕ್ಕದಲ್ಲಿ ಬಾಲ್ಕನಿ. ಈಗ ಹಾರುತ್ತಾಳೆ, ಕೋಚ್‌ಗೆ ಎಲ್ಲ ಗೊತ್ತಾಗಿಹೋಗುತ್ತದೆ ಎಂದುಕೊಂಡೆ. ಅವಳು ಮೆಟ್ಟಿಲ ತುದಿಯಲ್ಲಿ ಕೂತು ಕಾದಳು. ಇಬ್ಬರನ್ನು ಉರುಳಿಸಿ ಮೂರನೆಯವನ ಕೈಯಲ್ಲಿ ಸತ್ತಳು.

ಕೋಚ್ ನನ್ನನ್ನು ಬಾಲ್ಕನಿಗೆ, ತಂಡದ ಮನೆಯ ನಿಜವಾದ ಬಾಲ್ಕನಿಗೆ, ಕರೆದುಕೊಂಡು ಹೋದರು. "ಚೆನ್ನಾಗ್ ಆಡ್ತಾಳೆ ಮಗಾ, ಇಲ್ಲ ಅನ್ನಲ್ಲ. ಆದ್ರೆ ನೀನು ಹೊಸದಾಗಿ ಬಂದಾಗ ಆಡ್ತಿದ್ಯಲ್ಲ, ಸೇಮ್ ಹಂಗೆ. ನಿನ್ನ ನೋಡ್ ನೋಡಿ ಕಲ್ತಿದಾಳೆ. ಕಾಯೋರು ನಂಗೆ ಇಬ್ರು ಇದಾರೆ, ಇನ್ನೊಬ್ರು ಬೇಡ" ಎಂದರು.

ನನಗೆ ನೆಮ್ಮದಿಯಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ನೆಮ್ಮದಿಯೇ. ಆ ನೆಮ್ಮದಿಯ ಹಿಂದೆಯೇ ಅಳು ಬಂತು, ಅದು ಯಾರ ಸಲುವಾಗಿ ಬಂದದ್ದೋ ಗೊತ್ತಾಗಲಿಲ್ಲ. ಅವರನ್ನು ಬಸ್ ಸ್ಟಾಪಿಗೆ ಬಿಡಲು ಹೋದಾಗ, ಫೋನ್ ಮನೆಗೆ ತಗೊಂಡ್ ಹೋಗು ಎಂದು ಸಿಂಚನಾಳ ಕೈಗೆ ಕೊಡಲು ಹೋದೆ.

"ಐಡಿ ನಿನ್ ಹತ್ರ ಇದೆ. ಬರೀ ಫೋನ್ ಇಟ್ಕೊಂಡ್ ಏನ್ ಮಾಡ್ಲಿ?" ಎಂದಳು. ಸಿಟ್ಟೇನೂ ಇರಲಿಲ್ಲ ದನಿಯಲ್ಲಿ. ಬಸ್ಸು ಬಂತು, ಅಮ್ಮ ಮೊದಲು ಹತ್ತಿದಳು.

ಐದು ತಿಂಗಳು ಕೈಗೆ ಫೋನಿಲ್ಲದೆ ಅವಳ ಬೆರಳು ಮರೆತಿತ್ತೇ? ನಾನು ಸರಿಸಿಟ್ಟ ಬಟನ್‌ಗಳು ಅವಳನ್ನು ಕೆಡಿಸಿದವೇ? ಇಲ್ಲ, ತಾನು ತನ್ನ ಹಾಗೆ ಆಡಿದರೆ ಅಣ್ಣನ ಬಣ್ಣ ಬಯಲಾಗುತ್ತದೆಂದು ಬೇಕೆಂದೇ ಕಾದು ಕೂತಳೇ? ಚಳಿಗಾಲ ಪೂರ್ತಿ ನನ್ನ ತಲೆಯಲ್ಲಿ ಈ ಮೂರೇ. ಮೂರನೆಯದು ನಿಜವೆಂದು ತೋರಿದ ದಿನ ನನ್ನ ಆಟ ಪೂರ್ತಿ ಹಾಳಾಗುತ್ತಿತ್ತು.

ಶಿವರಾತ್ರಿ ಕಳೆದು ಬಿಸಿಲೇರಿದ ಮೇಲೆ ಫೈನಲ್ ಬಂತು. ತಲಘಟ್ಟಪುರದ ಕಡೆ ಒಂದು ದೊಡ್ಡ ಕನ್ವೆನ್ಷನ್ ಹಾಲ್, ಬೇರೆ ದಿನವಾದರೆ ಮದುವೆ ನಡೆಯುವ ಜಾಗ. ಅಪ್ಪ ಅಂಗಡಿ ಮುಚ್ಚಿ ಬಂದಿದ್ದರು, ಅಮ್ಮ ಪಕ್ಕದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದಳು. ಸಿಂಚನಾಗೆ ಕಾಲೇಜಿನ ಇಂಟರ್ನಲ್ಸ್ ಪರೀಕ್ಷೆಗಳಿದ್ದವು, ಬರಲಿಲ್ಲ. ಕೊನೆಯ ಪಂದ್ಯದಲ್ಲಿ ಕಣಕ್ಕಿಳಿದ ನಾಲ್ವರಲ್ಲಿ ನನ್ನ ಮೂವರು ಜೊತೆಗಾರರೂ ಉರುಳಿ ನಾನೊಬ್ಬನೇ ಉಳಿದೆ. ಒಂದು ಮಹಡಿ ಮನೆ. ಕೆಳಗೆ ಮೂವರ ಹೆಜ್ಜೆ ಸಪ್ಪಳ. ಕಾಯಬೇಕು ಎಂದು ತಲೆ ಹೇಳುತ್ತಿತ್ತು. ಬೆರಳು ಬಾಲ್ಕನಿಯ ಕಡೆ ಹೋಯಿತು. ಹಾರಿದೆ, ಸುತ್ತಿದೆ, ಬಾಗಿಲಿನಿಂದ ಒಳನುಗ್ಗಿದೆ. ಮೂವರೂ ಬಿದ್ದರು. ಉತ್ತರ ಭಾರತದ ಕಡೆಯ ವೀಕ್ಷಕ ವಿವರಣೆಗಾರ ನುಚ್ಚಿನುಂಡೆ ಎಂಬ ಹೆಸರನ್ನು ಬಾಯಲ್ಲಿ ಹೊರಳಿಸಲಾಗದೆ ಕೂಗುತ್ತಿದ್ದ. ಹಾಲ್‌ನಲ್ಲಿದ್ದವರೆಲ್ಲ ಎದ್ದು ಅದನ್ನೇ ಕೂಗಿದರು. ನನ್ನನ್ನು ಕೂಗುತ್ತಿದ್ದಾರೆ ಎಂದು ನನಗೆ ಅನ್ನಿಸಲೇ ಇಲ್ಲ.

ಮರುದಿನ ಗೆದ್ದ ಕಪ್ ಹಿಡಿದು ಮನೆಗೆ ಹೋದೆ. ಅಪ್ಪ ಅದಕ್ಕೆ ಅಂಗಡಿಯ ಹೂವಿನ ಹಾರ ಹಾಕಿ ದೇವರ ಮುಂದೆ ಇಟ್ಟರು. ಸಿಂಚನಾ ಅಮ್ಮನ ಫೋನಿನಲ್ಲಿ ಆ ಕೊನೆಯ ಪಂದ್ಯವನ್ನು ನನ್ನ ಪಕ್ಕ ಕೂತು ಇನ್ನೊಮ್ಮೆ ನೋಡಿದಳು. ನಾನು ಹಾರುವ ಜಾಗಕ್ಕೆ ಬಂದಾಗ ನಿಲ್ಲಿಸಿದಳು.

"ಇಲ್ಲಿ ನಾನಾಗಿದ್ರೆ ಕಾಯ್ತಿದ್ದೆ."

ನಾನು ಅವಳ ಮುಖ ನೋಡಿದೆ. "ಸುಮ್ನಿರೇ. ಬಾಲ್ಕನಿ ಕ್ಲಿಪ್ ನಿಂದೇ ಅಲ್ವಾ?"

"ನಂದಾ? ಏ, ಅದು ನೀನ್ ಆಡಿದ್ದು! ಅದಕ್ಕೇ ಅಲ್ವಾ ಅವತ್ತು ಫೋನ್ ನಿನ್ ಕೈಗ್ ಕೊಟ್ಟಿದ್ದು."

ನನ್ನ ಬ್ಯಾಗಿನಲ್ಲಿದ್ದ ಹಳೆಯ ಫೋನು ತೆಗೆದು ನೋಡಿದೆವು. ಆ ತುಣುಕು ಉಳಿಸಿದ್ದು ಒಂದು ಎರಡನೇ ಶನಿವಾರ, ಮಧ್ಯಾಹ್ನ. ಇಬ್ಬರೂ ಮನೆಯಲ್ಲಿದ್ದ, ಇಬ್ಬರೂ ಫೋನಿಗೆ ಕಿತ್ತಾಡುವ ದಿನ. ಅವಳು ಹೇಳಿದ್ದು ನಿಜವಾದರೆ, ಇಡೀ ವರ್ಷ ನಾನು ಅವಳನ್ನು ಕದಿಯುತ್ತಿದ್ದೇನೆಂದುಕೊಂಡು ನನ್ನನ್ನೇ ಕಲಿಯುತ್ತಿದ್ದೆ. ಸುಳ್ಳಾದರೆ, ಗೆದ್ದ ಕಪ್ ಮನೆಗೆ ಬಂದ ದಿನ ಅಣ್ಣನ ಮನಸ್ಸು ಹಗುರವಾಗಲಿ ಎಂದು ಆ ಕ್ಲಿಪ್ಪನ್ನೂ ನನಗೆ ಕೊಟ್ಟುಬಿಟ್ಟಳು. ಅವಳ ಮುಖದಿಂದ ಏನನ್ನೂ ಓದಲಾಗಲಿಲ್ಲ. ಅವಳೂ ನನ್ನ ಮುಖವನ್ನು ಹಾಗೆಯೇ ನೋಡುತ್ತಿದ್ದಳು.

ಆಮೇಲೆ ಇನ್ನೆರಡು ವರ್ಷ ಆಡಿದೆ. ಈಗ ಜೆಪಿ ನಗರದಲ್ಲಿ ಇನ್ನೊಂದು ತಂಡಕ್ಕೆ ಕೋಚ್. ಟ್ರಯಲ್‌ಗೆ ಬಂದವರನ್ನೆಲ್ಲ, ನಿಮ್ಮ ಐಡಿಯಲ್ಲಿ ಮನೆಯವರು ಬೇರೆ ಯಾರಾದರೂ ಆಡುತ್ತಾರಾ ಎಂದು ಮೊದಲು ಕೇಳುತ್ತೇನೆ. ಸಾರ್‌ಗೆ ಇದೊಂದು ಹುಚ್ಚು ಎಂದು ಹುಡುಗರು ನಗುತ್ತಾರೆ. ಸಿಂಚನಾ ಜಯನಗರದ ಲ್ಯಾಬೊಂದರಲ್ಲಿ ರಕ್ತ ತೆಗೆಯುತ್ತಾಳೆ. ಸೂಜಿ ಹೋಗಿದ್ದೂ ಬಂದಿದ್ದೂ ಗೊತ್ತಾಗುವುದಿಲ್ಲವೆಂದು ವಯಸ್ಸಾದವರು ಅವಳೇ ಬೇಕೆಂದು ಕಾದು ಕೂರುತ್ತಾರಂತೆ. ಆಟವನ್ನು ಅವಳು ಮತ್ತೆ ಮುಟ್ಟಲಿಲ್ಲ.

ಸಲೂನಿಗೆ ಹೋದ ವಾರದ ಭಾನುವಾರ ಹನುಮಂತನಗರಕ್ಕೆ ಹೋಗಿದ್ದೆ. ಅವಳು ತಾರಸಿಯ ಬಿಸಿಲಲ್ಲಿ ಕಾಲು ಚಾಚಿ ಅವರೆಕಾಯಿ ಬಿಡಿಸುತ್ತಿದ್ದಳು. ನಾನೂ ಎದುರಿಗೆ ಕೂತು ಒಂದು ಹಿಡಿ ಎಳೆದುಕೊಂಡೆ. ಕ್ಲಿಪ್ಪಿನ ವಿಷಯವನ್ನು ನಾವು ಆಡಿ ಆಡಿ ಸಾಕಾಗಿದೆ, ಅದು ಬಗೆಹರಿಯುವುದಿಲ್ಲ. ಕೇಳಬೇಕಾದದ್ದು ಬೇರೆ ಇತ್ತು. ಇಷ್ಟು ವರ್ಷ ಅದನ್ನು ಕೇಳಿರಲಿಲ್ಲ.

"ಸಿಂಚು, ಅವತ್ತು ಆ ಮೆಸೇಜ್ ಬಂದಾಗ... ನಿಂಗೂ ಹೋಗ್ಬೇಕು ಅಂತ ಆಸೆ ಇತ್ತಾ?"

ಅವಳ ಕೈ ನಿಂತಿತು. ಬಿಡಿಸಿದ ಕಾಳನ್ನು ಬಟ್ಟಲಿಗೆ ಹಾಕಿ, ಸಿಪ್ಪೆಯನ್ನು ಕೈಯಲ್ಲೇ ಹಿಡಿದುಕೊಂಡಳು.

"ಗೊತ್ತಿಲ್ಲ ಅಣ್ಣ," ಎಂದಳು. "ಅವತ್ತು ಯಾರಾದ್ರೂ ಕೇಳಿದ್ದಿದ್ರೆ ನಂಗೂ ಗೊತ್ತಾಗಿರೋದು."